ಜಂಗಮಕೋಟೆ: ಹುಳುಮನೆಯ ಪಕ್ಕದಲ್ಲಿ ಸೈಟಿನ ಕಲ್ಲು

ರೇಷ್ಮೆ ಹುಳುಮನೆಯ ಬಾಗಿಲಲ್ಲೇ ಆ ಮನೆಯ ತಾಯಿ ನನ್ನನ್ನು ತಡೆದರು. ಚಪ್ಪಲಿ ಆಚೆ ಬಿಡಬೇಕು, ಬ್ಲೀಚಿಂಗ್ ಪೌಡರ್ ಕಲೆಸಿದ ನೀರಲ್ಲಿ ಕೈಕಾಲು ತೊಳೆಯಬೇಕು. ಅದಾದ ಮೇಲೂ ಅನುಮಾನ. "ಸೆಂಟು ಗಿಂಟು ಹಾಕ್ಕೊಂಡಿಲ್ಲ ತಾನೇ ಅಣ್ಣಾ?" ಎಂದು ಕೇಳಿ, ಇಲ್ಲ ಎಂದಮೇಲೆ ಒಳಗೆ ಬಿಟ್ಟರು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳುಗಳು ತಟ್ಟೆಯ ತುಂಬ ತಲೆಯೆತ್ತಿ ಸೊಪ್ಪಿಗೆ ಕಾಯುತ್ತಿದ್ದವು.

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಗೆ ನಾನು ಹೋದದ್ದು ಜಮೀನಿನ ಗಲಾಟೆಯ ಬಗ್ಗೆ ಬರೆಯಲು. ವಿಜಯಪುರ ದಾಟಿದ ಮೇಲೆ ದಾರಿಯ ಎರಡೂ ಕಡೆ ಹಿಪ್ಪುನೇರಳೆ, ದ್ರಾಕ್ಷಿ, ಹೂವಿನ ತೋಟ. ನಡುನಡುವೆ ಬಣ್ಣದ ಬಾವುಟ ನೆಟ್ಟ, ಕಲ್ಲು ಹುಗಿದ ಬಯಲು. ವಿಮಾನ ನಿಲ್ದಾಣ ಎಷ್ಟು ಹತ್ತಿರ ಎಂದು ಹೇಳುವ ಬೋರ್ಡುಗಳು. ಇಂಥ ಬೋರ್ಡಿನಲ್ಲಿ ಊರಿನ ಹೆಸರು ಚಿಕ್ಕದು, ಸೈಟಿನ ಅಳತೆ ದೊಡ್ಡದು.

ಇತಿಹಾಸವನ್ನು ಬೇಗ ಹೇಳಿಬಿಡುತ್ತೇನೆ. ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಟಿಪ್ಪು ಕಾಲದಲ್ಲಿ. ಶಿಡ್ಲಘಟ್ಟ ಅದನ್ನು ತನ್ನದಾಗಿಸಿಕೊಂಡಿತು. ರಾಮನಗರ ಬಿಟ್ಟರೆ ಗೂಡಿನ ದೊಡ್ಡ ಮಾರುಕಟ್ಟೆ ಇಲ್ಲಿಯದೇ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮರುವರ್ಷವೇ ದೇವನಹಳ್ಳಿಯಲ್ಲಿ ವಿಮಾನ ಹಾರಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದಾಯಿತು. ಈ ಭಾಗದ ಪಹಣಿಗಳ ಮೇಲೆ ಹೊಸ ಹೊಸ ಹೆಸರುಗಳು ಕಾಣತೊಡಗಿದ್ದು ಹೀಗೆ.

ಈಗ ಹೋಬಳಿಯ 13 ಹಳ್ಳಿಗಳಲ್ಲಿ 2,823 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಪ್ರಸ್ತಾವ ಊರೂರನ್ನು ಎರಡು ಪಾಲು ಮಾಡಿದೆ. ಕೊಡುತ್ತೇವೆ ಎನ್ನುವವರೂ ಇದ್ದಾರೆ, ಅವರನ್ನು ಹಗುರವಾಗಿ ನೋಡಬಾರದು. ಇಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಸಾವಿರ ಅಡಿ ಕೊರೆಸಿದರೂ ನೀರು ಬಾರದೆ ಬೋರಿನ ಸಾಲ ಹೊತ್ತವರಿಗೆ ಜಮೀನು ಮಾರುವುದೇ ಬಿಡುಗಡೆಯಂತೆ ಕಂಡರೆ ತಪ್ಪೇನು? ಕೊಡುವುದಿಲ್ಲ ಎನ್ನುವವರು ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯತ್ತ ಬೆರಳು ತೋರಿಸುತ್ತಾರೆ. ಅಲ್ಲಿಯೂ 13 ಹಳ್ಳಿ, 1,777 ಎಕರೆ. ಮೂರು ವರ್ಷಕ್ಕೂ ಮೀರಿದ ಧರಣಿಯ ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಹೇಳಿದರು.

ಈ ಲೆಕ್ಕವನ್ನೆಲ್ಲ ಬರೆದುಕೊಂಡು ವಾಪಸ್ ಹೊರಡಬಹುದಿತ್ತು. ಆದರೆ ಹುಳುಮನೆಯ ಆ ತಾಯಿ ಹೇಳಿದ ಸಂಗತಿ ಯಾವ ಪ್ರಸ್ತಾವದಲ್ಲೂ ಇಲ್ಲ. ಅವರ ಜಮೀನಿಗೆ ನೋಟಿಸ್ ಬಂದಿಲ್ಲ, ಅವರು ಮಾರುತ್ತಲೂ ಇಲ್ಲ. ಪಕ್ಕದ ತೋಟ ಮಾತ್ರ ಮಾರಾಟವಾಗಿದೆ, ಅಲ್ಲಿ ಮನೆಗಳ ಬಡಾವಣೆ ಬರಲಿದೆ. ಅವರ ಚಿಂತೆಯೆಲ್ಲ ಅದರದೇ.

ಕೂತು ವಿವರವಾಗಿ ಹೇಳಿದರು. ಹುಳು ಧೂಳು ಕೂತ ಸೊಪ್ಪನ್ನು ಸರಿಯಾಗಿ ತಿನ್ನುವುದಿಲ್ಲ, ತಿಂದರೆ ಆರೋಗ್ಯ ಕೆಡುತ್ತದೆ. ಜೆಸಿಬಿ ನೆಲ ಸಮ ಮಾಡುತ್ತಾ, ಟಿಪ್ಪರ್ ಓಡಾಡುತ್ತಾ ತಿಂಗಳಾನುಗಟ್ಟಲೆ ಕೆಮ್ಮಣ್ಣು ಎದ್ದರೆ ಗಾಳಿ ಬೀಸಿದ ಕಡೆಯ ಸಾಲುಗಳಲ್ಲಿ ಸೊಪ್ಪು ಕೀಳುವಂತಿಲ್ಲ. ಮನೆಗಳು ಎದ್ದ ಮೇಲೆ ಇನ್ನೊಂದು ಕಷ್ಟ. ಸಂಜೆಯಾದರೆ ಮನೆಮನೆಯಲ್ಲಿ ಸೊಳ್ಳೆ ಬತ್ತಿ. ಚರಂಡಿಗೆ ಔಷಧಿ, ಬೀದಿಯಲ್ಲಿ ಹೊಗೆ. ಸೊಳ್ಳೆ ಸಾಯಿಸುವ ಮದ್ದು ಹುಳುವನ್ನು ಬಿಡುತ್ತದೆಯೇ? ಊರಿನವರು ಹುಳು ಸಾಕುವ ದಿನಗಳಲ್ಲಿ ಪಕ್ಕದ ಬೆಳೆಗೆ ಔಷಧಿ ಹೊಡೆಯುವ ಮೊದಲು ಹೇಳಿಕಳಿಸುತ್ತಾರೆ. ಸೈಟು ಕೊಂಡು ಬರುವವರಿಗೆ ಇದು ಗೊತ್ತಿರುವುದಿಲ್ಲ. ಅವರ ತಪ್ಪೂ ಅಲ್ಲ, ಹೇಳುವವರು ಯಾರೂ ಇಲ್ಲ.

"ನಮ್ ಜಮೀನು ನಮ್ದೇ ಇರ್ತದೆ, ಹುಳ ಮಾತ್ರ ನಿಲ್ಲಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೇ ಜ್ವರದ ತನಕ ಹುಳು, ಮರಿಗಳನ್ನು ಸಾಕುವ ಚಾಕಿ ಕೇಂದ್ರದಲ್ಲಿ ಬೆಳೆಯುತ್ತದೆ. ಆಮೇಲೆ ರೈತರ ಮನೆಗೆ ಬಂದು, ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುವವರೆಗೆ ಮನೆಮಂದಿಗೆ ಬಿಡುವಿಲ್ಲ. ಮದುವೆಯಿರಲಿ, ಹಬ್ಬವಿರಲಿ, ಕೊನೆಯ ವಾರ ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ಹೆಚ್ಚುಕಡಿಮೆ ತಿಂಗಳಲ್ಲಿ ಗೂಡು ಕೈಗೆ ಬರುತ್ತದೆ, ಹಣ ಬರುತ್ತದೆ. ರಾಗಿಗೂ ಅವರೆಗೂ ಈ ಗುಣವಿಲ್ಲ. ಎರಡು ಎಕರೆಯ ಕುಟುಂಬ ಮಕ್ಕಳ ಫೀಸು ಕಟ್ಟುವುದು ಇದರಿಂದಲೇ.

ಮೂಲೆಯಲ್ಲಿ ಹಳೆಯ ಬಿದಿರಿನ ಚಂದ್ರಿಕೆಗಳು ಒರಗಿದ್ದವು. ಮೇದರು ಹೆಣೆದವು, ಸುರುಳಿ ಸುರುಳಿಯಾಗಿ ಕೂಡಿಸಿದ ಬಿದಿರ ಪಟ್ಟಿ, ಅಲ್ಲಲ್ಲಿ ಸಗಣಿ ಸಾರಿಸಿದ ಗುರುತು. ಹಿಂದೆ ಸ್ವಂತ ಚಂದ್ರಿಕೆ ಇಲ್ಲದವರು ಬೆಳೆಗಿಷ್ಟು ಎಂದು ಬಾಡಿಗೆಗೆ ತರುತ್ತಿದ್ದರಂತೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ, ಮಡಚಿಡಬಹುದು, ತೊಳೆಯಬಹುದು. ಬಿದಿರಿನದನ್ನು ಹೆಣೆಯುವ ಕೈ ಸಿಗುವುದೇ ಕಷ್ಟ. ಮುಟ್ಟಿ ನೋಡಿದೆ, ಒಂದು ಪಟ್ಟಿಯೂ ಸಡಿಲವಿರಲಿಲ್ಲ. ಇದನ್ನು ಬರೆಯದೆ ಬಿಡಲು ಮನಸ್ಸು ಬರಲಿಲ್ಲ.

ಈ ತೋಟಗಳ ಸೊಪ್ಪು ನಿಂತರೆ ಪೆಟ್ಟು ಇಲ್ಲಿಗೇ ಮುಗಿಯುವುದಿಲ್ಲ. ಶಿಡ್ಲಘಟ್ಟ ಪೇಟೆಯ ಗೂಡು ಬೇಯಿಸುವ ಒಲೆಗಳು, ಬಿಸಿನೀರಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಂಗಸರು, ನೂಲು ಬಿಚ್ಚಾಣಿಕೆಯ ಮನೆಗಳು ಎಲ್ಲವೂ ಹಳ್ಳಿಯ ಹುಳುಮನೆಯನ್ನೇ ನೆಚ್ಚಿಕೊಂಡಿವೆ.

ಸ್ವಾಧೀನವಾದರೆ ಜಮೀನಿನವರಿಗೆ ನೋಟಿಸು ಬರುತ್ತದೆ, ಆಕ್ಷೇಪಣೆ ಹೇಳಲು ಅವಕಾಶವಿರುತ್ತದೆ, ಧರಣಿ ಕೂರಲು ಚಪ್ಪರವಾದರೂ ಇರುತ್ತದೆ. ಖಾಸಗಿ ಬಡಾವಣೆಯಲ್ಲಿ ಅದೂ ಇಲ್ಲ. ಭೂಪರಿವರ್ತನೆಗೆ ಅರ್ಜಿ ಹಾಕುವವರು ಜಮೀನಿನ ಒಡೆಯರು. ಪಕ್ಕದವರ ಒಪ್ಪಿಗೆ ಬೇಕಾಗಿಲ್ಲ. ಬೇಲಿಯಾಚೆ ಹುಳು ಸಾಕುವವರಿಗೆ ವಿಷಯ ತಿಳಿಯುವುದು ಕಲ್ಲು ನೆಟ್ಟ ಮೇಲೆ. ಇದು ಅನ್ಯಾಯವೆಂದೇ ನನಗೆ ಕಾಣುತ್ತದೆ. ಮನೆ ಬೇಕು ಎನ್ನುವವರ ಆಸೆ ನ್ಯಾಯವಾದದ್ದು. ಬೆಂಗಳೂರಿನಲ್ಲಿ ಸೈಟು ಕೊಳ್ಳಲಾಗದೆ ಇಲ್ಲಿಯವರೆಗೆ ಬಂದವರು ಸಿರಿವಂತರೇನೂ ಅಲ್ಲ. ಆದರೆ ಮನೆಗಳಿಗೆ ಜಾಗ ಗೊತ್ತುಮಾಡುವಾಗ ಹಿಪ್ಪುನೇರಳೆ ತೋಟ ಎಲ್ಲೆಲ್ಲಿದೆ ಎಂದು ನೋಡುವುದು ಅಸಾಧ್ಯದ ಕೆಲಸವಲ್ಲ. ಯಾವ ಊರಲ್ಲಿ ಎಷ್ಟು ಬೆಳೆಗಾರರಿದ್ದಾರೆ ಎಂಬುದನ್ನು ರೇಷ್ಮೆ ಇಲಾಖೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಹೊರಡುವಾಗ ಆಕೆ ಗೇಟಿನ ತನಕ ಬಂದರು. ಆಚೆ ಹೊಲದಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಇನ್ನೊಂದು ವಾರಕ್ಕೆ ಹುಳು ಹಣ್ಣಾಗುತ್ತದೆ, ಆಮೇಲೆ ಬಂದಿದ್ದರೆ ಊಟ ಮಾಡಿಸಿ ಕಳಿಸುತ್ತಿದ್ದೆ ಎಂದು ನೊಂದುಕೊಂಡರು.

ಜಂಗಮಕೋಟೆ ಹೋಬಳಿಯಲ್ಲಿ ಮುಂದಿನ ಬಡಾವಣೆಯ ಕಡತ ಯಾವ ಅಧಿಕಾರಿಯ ಮೇಜಿಗೆ ಬರುತ್ತದೋ ಅವರಲ್ಲಿ ಒಂದು ಕೋರಿಕೆ: ಸಹಿ ಹಾಕುವ ಮುಂಚೆ ಒಂದು ದಿನ ಬಂದು ಸುತ್ತಲಿನ ಹುಳುಮನೆಗಳನ್ನು ಎಣಿಸಿ, ಬೇಲಿಯಾಚೆಯವರನ್ನೂ ಗ್ರಾಮಸಭೆಗೆ ಕರೆಸಿ ಕೇಳಿ.