ಒಂಬತ್ತೋ, ನಲವತ್ತೈದೋ?

ಜಾವಗಲ್ ಶ್ರೀನಾಥ್ ಓಡಿ ಬಂದು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ನೆಟ್ಟಗೆ ಬ್ಯಾಟ್ಸ್‌ಮನ್‌ನ ಎದೆಗೇ ಬಡಿಯಿತು ಎಂದುಕೊಳ್ಳಿ. ಪಕ್ಕೆಲುಬು ಬಿರುಕು ಬಿಟ್ಟರೂ ಬಿಟ್ಟೀತು, ಆದರೆ ಆತ ಹಾರಿಹೋಗಿ ಸ್ಟಂಪಿನ ಮೇಲೆ ಬೀಳುವುದಿಲ್ಲ. ಚೆಂಡಿನ ತೂಕ ಸುಮಾರು 160 ಗ್ರಾಂ. ತೂಕವನ್ನು ಕಿಲೋಗ್ರಾಂನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಇಟ್ಟು ಗುಣಿಸಿದರೆ 6.2 ಬರುತ್ತದೆ. ಹೈಸ್ಕೂಲಿನಲ್ಲಿ ಸಂವೇಗ ಎಂದು ಕಲಿತದ್ದು ಇದನ್ನೇ. ಒಂದು ವಸ್ತು ಇನ್ನೊಂದನ್ನು ಎಷ್ಟು ತಳ್ಳಬಲ್ಲದು ಎಂಬುದರ ಅಳತೆ ಇದು.

ಈಗ 9 ಮಿಲಿಮೀಟರ್ ಪಿಸ್ತೂಲಿನ ಗುಂಡನ್ನು ತೆಗೆದುಕೊಳ್ಳಿ. ತೂಕ ಎಂಟು ಗ್ರಾಂ, ಹೆಚ್ಚುಕಡಿಮೆ ಒಂದು ರೂಪಾಯಿಯ ಎರಡು ನಾಣ್ಯದಷ್ಟು. ವೇಗ ಸೆಕೆಂಡಿಗೆ ಸುಮಾರು 355 ಮೀಟರ್. ಗುಣಿಸಿದರೆ 2.8, ಅಂದರೆ ಶ್ರೀನಾಥರ ಚೆಂಡಿನ ಅರ್ಧವೂ ಇಲ್ಲ. ಅಮೆರಿಕದ ಪಿಸ್ತೂಲು ಪ್ರಿಯರು ಆನೆಬಲದ್ದೆಂದು ಕೊಂಡಾಡುವ .45 ಗುಂಡು ಸುಮಾರು 15 ಗ್ರಾಂ ತೂಗುತ್ತದೆ, ಸೆಕೆಂಡಿಗೆ 255 ಮೀಟರ್ ಓಡುತ್ತದೆ. ಅದರ ಸಂವೇಗ 3.8. ಎಪ್ಪತ್ತು ಕಿಲೋ ತೂಕದ ಮನುಷ್ಯನಿಗೆ 9 ಮಿ.ಮೀ. ಗುಂಡು ತಗುಲಿ ಒಳಗೇ ಉಳಿದರೆ ಅವನ ದೇಹ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್, .45 ಆದರೆ ಐದೂವರೆ. ಬಸ್ಸಿನಲ್ಲಿ ತೂಕಡಿಸುವವನ ತಲೆ ಪಕ್ಕದವರ ಭುಜಕ್ಕೆ ವಾಲುವುದು ಇದಕ್ಕಿಂತ ಜೋರಾಗಿಯೇ. ಅಷ್ಟಕ್ಕೂ ಗುಂಡಿಗೆ ಮನುಷ್ಯನನ್ನು ಎತ್ತಿ ಎಸೆಯುವ ಬಲವಿದ್ದಿದ್ದರೆ ಕೋವಿ ಹಿಡಿದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಬೀಳಬೇಕಿತ್ತು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಹೀರೋ, ವಿಲನ್ ಎಂಬ ಭೇದವಿಲ್ಲ.

ಶಕ್ತಿಯ ಲೆಕ್ಕ ಹಾಕಿದರೆ ಚಿತ್ರ ಬೇರೆ. ಚೆಂಡಿನದು ಸುಮಾರು 120 ಜೂಲ್, 9 ಮಿ.ಮೀ.ಯದು 500ರ ಆಸುಪಾಸು, .45ರದ್ದು ಅದಕ್ಕಿಂತ ತುಸು ಕಡಿಮೆಯೇ. ಶಕ್ತಿಯಲ್ಲಿ ಹತ್ತಿರ ಹತ್ತಿರ ಇರುವ ಈ ಎರಡು ಗುಂಡುಗಳಲ್ಲಿ ಆತ್ಮರಕ್ಷಣೆಗೆ ಯಾವುದು ಮೇಲು ಎಂದು ಅಮೆರಿಕದಲ್ಲಿ ನೂರು ವರ್ಷಕ್ಕೂ ಮೀರಿ ಜಗಳ ನಡೆದಿದೆ. ನಮ್ಮಲ್ಲಿ ಮುದ್ದೆ ಮೇಲೋ ಚಪಾತಿ ಮೇಲೋ ಎಂಬಂತೆ ಅದು ಮುಗಿಯುವ ಲಕ್ಷಣವಿಲ್ಲ. ಆದರೆ ಆ ಜಗಳದ ಒಳಗೆ ಒಳ್ಳೆಯ ವಿಜ್ಞಾನವೂ ಇದೆ.

ಮೊದಲು ಕ್ಯಾಲಿಬರ್ ಎಂಬ ಅಂಕಿಯ ಮಾತು. ಅದು ನಳಿಗೆಯ ಒಳವ್ಯಾಸ. .45 ಎಂದರೆ ನೂರು ಪಾಲು ಮಾಡಿದ ಅಂಗುಲದ 45 ಪಾಲು, ಸುಮಾರು ಹನ್ನೊಂದೂವರೆ ಮಿಲಿಮೀಟರ್. ಹೇಳುವುದಕ್ಕೆ ಸುಲಭ, ಆದರೆ ಹೆಸರುಗಳನ್ನು ನಂಬುವಂತಿಲ್ಲ. .38 ಸ್ಪೆಷಲ್ ರಿವಾಲ್ವರಿನ ಗುಂಡನ್ನು ಅಳೆದರೆ .357 ಅಂಗುಲ. ಹಳೆಯ ಕಾಲದಲ್ಲಿ ಗುಂಡಿನ ಬದಲು ತೋಟಾದ ಹೊರಮೈ ಅಳೆದು ಇಟ್ಟ ಹೆಸರು ಹಾಗೇ ಉಳಿದುಬಿಟ್ಟಿದೆ. .357 ಮ್ಯಾಗ್ನಂ ಎಂದು ಗುಡುಗುವ ತೋಟಾದಲ್ಲಿರುವುದೂ ಅದೇ ದಪ್ಪದ ಗುಂಡು, ಮದ್ದಿನ ಒತ್ತಡ ಮಾತ್ರ ಹೆಚ್ಚು. 9 ಮಿ.ಮೀ. ಗುಂಡು .355 ಅಂಗುಲ. ಮೂರು ಹೆಸರು, ಹೆಚ್ಚುಕಡಿಮೆ ಒಂದೇ ತೂತು. ನಮ್ಮ ಮಲೆನಾಡು, ಕೊಡಗಿನ ಜೋಡಿ ನಳಿಗೆ ಕೋವಿಯ ‘ಹನ್ನೆರಡು ಬೋರ್’ ಇನ್ನೂ ತಮಾಷೆಯದು. ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ಅದೇ ಹನ್ನೆರಡು ಬೋರ್. ಹಾಗಾಗಿ ಅಲ್ಲಿ ಅಂಕಿ ಹೆಚ್ಚಿದಷ್ಟೂ ನಳಿಗೆ ಸಣ್ಣದು.

ಜಗಳ ಹುಟ್ಟಿದ್ದು ಫಿಲಿಪ್ಪೀನ್ಸ್‌ನಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೊರೊ ಯೋಧರ ಎದುರು ಕಾದುತ್ತಿದ್ದ ಅಮೆರಿಕನ್ ಸೈನಿಕರು, ನಮ್ಮ .38 ರಿವಾಲ್ವರಿನ ಏಟು ತಿಂದೂ ಕತ್ತಿ ಹಿರಿದವನು ಮುನ್ನುಗ್ಗಿ ಬರುತ್ತಾನೆ ಎಂದು ದೂರಿದರು. 1904ರಲ್ಲಿ ಸೇನೆ ಇಬ್ಬರನ್ನು ಪರೀಕ್ಷೆಗೆ ನೇಮಿಸಿತು. ಒಬ್ಬರು ಜಾನ್ ಥಾಂಪ್ಸನ್, ಮುಂದೆ ತಮ್ಮ ಹೆಸರಿನ ಸಬ್‌ಮಷೀನ್ ಗನ್ನಿನಿಂದ ಪ್ರಸಿದ್ಧರಾದವರು. ಇನ್ನೊಬ್ಬರು ಸೇನೆಯ ವೈದ್ಯ ಲೂಯಿ ಲಗಾರ್ಡ್. ಷಿಕಾಗೋದ ಕಸಾಯಿಖಾನೆಯ ಅಂಗಳದಲ್ಲಿ ಅವರು ಜೀವಂತ ದನಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ, ಬೀಳಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟರು. ಮನುಷ್ಯರ ಹೆಣಗಳನ್ನು ತೂಗುಹಾಕಿ ಗುಂಡು ಹೊಡೆದು, ಹೆಣ ಎಷ್ಟು ಜೋಲಿ ಹೊಡೆಯಿತು ಎಂದು ಕಣ್ಣಂದಾಜಿನಲ್ಲಿ ಗುರುತು ಹಾಕಿಕೊಂಡರು. ಓದುವಾಗ ಹೊಟ್ಟೆ ತೊಳಸುತ್ತದೆ. ಅವರ ತೀರ್ಮಾನ: ಸೈನಿಕನ ಪಿಸ್ತೂಲು .45ಕ್ಕಿಂತ ಸಣ್ಣದಾಗಿರಕೂಡದು. ಜಾನ್ ಬ್ರೌನಿಂಗ್ ರಚಿಸಿದ .45 ಪಿಸ್ತೂಲು 1911ರಲ್ಲಿ ಸೇನೆಗೆ ಬಂದು 1985ರವರೆಗೂ ಅಧಿಕೃತ ಆಯುಧವಾಗಿ ಉಳಿಯಿತು.

ಈ ಪರೀಕ್ಷೆಯಲ್ಲಿ ನನಗೆ ಕಾಣುವ ಐಬು ಒಂದಿದೆ. ತೂಗುಹಾಕಿದ ವಸ್ತುವಿಗೆ ಗುಂಡು ಹೊಡೆದು ಅದು ಎಷ್ಟು ತೂಗಿತು ಎಂದು ನೋಡಿದರೆ ಸಿಗುವುದು ಸಂವೇಗ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮರದ ದಿಮ್ಮಿ ತೂಗುಬಿಟ್ಟು ಗುಂಡಿನ ವೇಗ ಕಂಡುಹಿಡಿದದ್ದು ಈ ಉಪಾಯದಿಂದಲೇ. ಭಾರದ ಗುಂಡು ಹೆಣವನ್ನು ಹೆಚ್ಚು ತೂಗಿಸುವುದು ಸಹಜ. ಆದರೆ ಬದುಕಿರುವ ಮನುಷ್ಯ ಬೀಳುವುದು ತಳ್ಳಿದ್ದರಿಂದ ಅಲ್ಲ ಎಂದು ಆಗಲೇ ನೋಡಿದೆವಲ್ಲ. ಅವರು ಅಳೆದದ್ದು ಸರಿಯಾಗಿಯೇ ಇತ್ತು, ಅಳೆಯಬೇಕಾದ್ದು ಮಾತ್ರ ಅದಾಗಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಸಲಹೆಯೂ ಇತ್ತು. ಮರ್ಮಸ್ಥಾನಕ್ಕೆ ತಾಗದ ಗುಂಡನ್ನು ನೆಚ್ಚುವಂತಿಲ್ಲವಾದ್ದರಿಂದ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಬಿಡದೆ ಮಾಡಿಸಬೇಕು ಎಂಬುದು. .45 ಎಂಬ ಅಂಕಿ ಎಲ್ಲರ ಬಾಯಲ್ಲಿ ಉಳಿಯಿತು, ಈ ಸಲಹೆ ಕಡತದಲ್ಲಿ ಉಳಿಯಿತು.

ಹಾಗಾದರೆ ಮನುಷ್ಯ ಬೀಳುವುದು ಏತರಿಂದ? ಮಿದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ಏಟಾದರೆ ತಕ್ಷಣ. ಹೃದಯಕ್ಕೆ, ದೊಡ್ಡ ರಕ್ತನಾಳಕ್ಕೆ ಏಟಾದರೆ ರಕ್ತದ ಒತ್ತಡ ಕುಸಿದಾಗ. ಹೃದಯವೇ ಛಿದ್ರವಾದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಹದಿನೈದು ಸೆಕೆಂಡುಗಳ ಕೆಲಸಕ್ಕೆ ಸಾಕು. ಅಷ್ಟರಲ್ಲಿ ಒಬ್ಬ ಇನ್ನೊಂದು ಮ್ಯಾಗಜೀನ್ ಖಾಲಿ ಮಾಡಬಲ್ಲ. ಮೂರನೆಯ ಕಾರಣ ವಿಚಿತ್ರದ್ದು. ಗುಂಡು ಬಿದ್ದರೆ ಬೀಳಬೇಕು ಎಂಬ ನಂಬಿಕೆಯಿಂದಲೇ ಸಣ್ಣ ಗಾಯಕ್ಕೂ ಕುಸಿದವರಿದ್ದಾರೆ. ಅಮಲಿನಲ್ಲೋ ಆವೇಶದಲ್ಲೋ ಇರುವವನಿಗೆ ತನಗೆ ಗುಂಡು ಬಿದ್ದದ್ದೇ ಗೊತ್ತಾಗದೆ ಇರಬಹುದು. ಯಾವ ಕ್ಯಾಲಿಬರ್ ಯಾರನ್ನು ಎಷ್ಟು ಬೇಗ ಬೀಳಿಸಿತು ಎಂಬ ಕತೆಗಳು ಒಂದಕ್ಕೊಂದು ತಾಳೆಯಾಗದಿರುವುದು ಇದಕ್ಕೇ.

ಇದಕ್ಕೊಂದು ಉದಾಹರಣೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಯ ಎಂಟು ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರ ಕಾರನ್ನು ಅಡ್ಡಗಟ್ಟಿದರು. ಕಾಳಗ ಶುರುವಾದ ಹೊಸದರಲ್ಲೇ ಒಬ್ಬ ದರೋಡೆಕೋರನಿಗೆ 9 ಮಿ.ಮೀ. ಗುಂಡು ಬಿತ್ತು. ಬಲ ರಟ್ಟೆಯನ್ನು ತೂರಿ, ಎದೆಯೊಳಗೆ ಹೊಕ್ಕು, ಶ್ವಾಸಕೋಶ ಹರಿದು, ಹೃದಯ ಇನ್ನೊಂದು ಅಂಗುಲ ದೂರವಿರುವಾಗ ಗುಂಡು ನಿಂತಿತು. ಬದುಕುಳಿಯುವ ಗಾಯವಲ್ಲ ಅದು. ಆದರೆ ಆತ ಅದಾದಮೇಲೂ ನಿಮಿಷಗಟ್ಟಲೆ ಹೋರಾಡಿದ. ಸಾಯುವ ಮೊದಲು ಇಬ್ಬರು ಏಜೆಂಟರನ್ನು ಕೊಂದ, ಇನ್ನೂ ಐವರು ಗಾಯಗೊಂಡರು. ಗುಂಡಿನ ಕ್ಯಾಲಿಬರ್ ಸಾಲಲಿಲ್ಲ ಎಂದು ಹಲವರು ಅರ್ಥಮಾಡಿಕೊಂಡರು. ಮರುವರ್ಷ ಕ್ವಾಂಟಿಕೋದಲ್ಲಿ ಎಫ್‌ಬಿಐ ಕರೆದ ತಜ್ಞರ ಸಭೆಯಲ್ಲಿ ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಅಗಲಕ್ಕಿಂತ ಮೊದಲು ಆಳ ನೋಡಿ ಎಂದು ವಾದಿಸಿದರು. ಎದುರುಬದುರು ನಿಂತವನ ಹೃದಯ ಹತ್ತಿರ. ಆದರೆ ಓರೆಯಾಗಿ ನಿಂತವನ ತೋಳು ಅಡ್ಡ ಬಂದರೆ ಗುಂಡು ಕ್ರಮಿಸಬೇಕಾದ ಮಾಂಸದ ದಾರಿ ದುಪ್ಪಟ್ಟಾಗುತ್ತದೆ. ಮಯಾಮಿಯಲ್ಲಿ ಕೊರತೆಯಾದದ್ದು ಆ ಒಂದು ಅಂಗುಲ.

ಆಳ ಅಳೆಯಲು ಫ್ಯಾಕ್ಲರ್ ಪಳಗಿಸಿದ ಸಾಧನ ಜೆಲಾಟಿನ್. ನೂರು ಭಾಗದಲ್ಲಿ ಹತ್ತು ಭಾಗ ಜೆಲಾಟಿನ್ ಪುಡಿ, ತೊಂಬತ್ತು ಭಾಗ ನೀರು. ಹದವಾಗಿ ಬಿಸಿ ಮಾಡಿ, ನೊರೆ ಬಾರದಂತೆ ಅಚ್ಚಿಗೆ ಹೊಯ್ದು, ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣಿಸಬೇಕು. ಹೊರತೆಗೆದರೆ ತಟ್ಟೆಯಲ್ಲಿ ಅಲುಗಾಡುವ ಹಾಲುಬಾಯಿಯ ಹಾಗೆ, ಆದರೆ ಜೇನುಬಣ್ಣದ, ಆಚೆಗಿನದು ಕಾಣುವ ದಿಮ್ಮಿ. ಬಿಸಿ ಹೆಚ್ಚಾದರೆ, ತಣಿಸಿದ್ದು ಕಡಿಮೆಯಾದರೆ ಹದ ಕೆಡುತ್ತದೆ. ಅದಕ್ಕೇ ಮೊದಲು ಏರ್‌ಗನ್ನಿನಿಂದ ಒಂದು ಉಕ್ಕಿನ ಸಣ್ಣ ಗೋಲಿಯನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊಡೆದು, ಅದು ಸುಮಾರು ಎಂಟೂವರೆ ಸೆಂಟಿಮೀಟರ್ ಆಳಕ್ಕೆ ಹೋಗಿ ನಿಂತರೆ ಹದ ಸರಿ ಎಂದು ಲೆಕ್ಕ, ಪಾಕಕ್ಕೆ ಎಳೆ ನೋಡುವ ಹಾಗೆ. ಆಮೇಲೆ ಪಿಸ್ತೂಲು. ವೇಗದ ಕ್ಯಾಮೆರಾದಲ್ಲಿ ನೋಡಿದರೆ ಗುಂಡು ಹೊಕ್ಕ ದಾರಿ ಒಮ್ಮೆ ಬಲೂನಿನಂತೆ ಉಬ್ಬಿ, ಮತ್ತೆ ಮುಚ್ಚಿಕೊಂಡು, ಕೊನೆಗೆ ತೆಳ್ಳನೆಯ ಸುರಂಗವೊಂದು ಉಳಿಯುತ್ತದೆ.

ಆ ಉಬ್ಬು ನೋಡಿ ಮರುಳಾದವರು ಬಹಳ. ಸೆಕೆಂಡಿಗೆ ಏಳೆಂಟು ನೂರು ಮೀಟರ್ ಓಡುವ ರೈಫಲ್ ಗುಂಡಿನಲ್ಲಿ ಅದು ನಿಜಕ್ಕೂ ಅಂಗಾಂಗ ಹರಿಯುತ್ತದೆ. ಪಿಸ್ತೂಲಿನ ವೇಗದಲ್ಲಾದರೆ ಮಾಂಸಖಂಡ, ಶ್ವಾಸಕೋಶ ರಬ್ಬರಿನ ಹಾಗೆ ಹಿಗ್ಗಿ ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ನೆಚ್ಚಬಹುದಾದ್ದು ಉಳಿದ ಸುರಂಗವನ್ನು ಮಾತ್ರ. ಎಫ್‌ಬಿಐ ಗೊತ್ತುಮಾಡಿದ ಗೆರೆ: ಕಡಿಮೆಯೆಂದರೆ 30 ಸೆಂಟಿಮೀಟರ್ ಆಳ, 45 ದಾಟಬಾರದು. ದಾಟಿದರೆ ಗುಂಡು ಆಚೆ ಹೊರಟು ಗೋಡೆಯಾಚೆ ಮಲಗಿದ ಮಗುವನ್ನೂ ತಾಕೀತು. ತೆಳುಗೋಡೆಯ ಮನೆಗಳಲ್ಲಿ ಇದು ಬರೀ ಮಾತಲ್ಲ.

ಈ ಗೆರೆಯೊಳಗೆ ಗುಂಡನ್ನು ನಿಲ್ಲಿಸುವ ಉಪಾಯ ನಮ್ಮ ನೆಲದಲ್ಲೇ ಹೆಸರು ಪಡೆದದ್ದು. ಕಲ್ಕತ್ತದ ಹತ್ತಿರದ ಡಮ್‌ಡಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ತುದಿಯ ಲೋಹದ ಹೊದಿಕೆ ತೆಗೆದು, ತಗುಲಿದೊಡನೆ ಅಣಬೆಯ ಹಾಗೆ ಅರಳುವ ರೈಫಲ್ ಗುಂಡು ಮಾಡಿದರು. ಗಾಯ ಭೀಕರವಾಗಿತ್ತು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳಲ್ಲಿ ಹೆಚ್ಚಿನವು ಯುದ್ಧದಲ್ಲಿ ಇಂಥ ಗುಂಡನ್ನು ನಿಷೇಧಿಸಿದವು. ಯುದ್ಧದಲ್ಲಿ ಬೇಡವೆಂದದ್ದನ್ನೇ ಇಂದು ಅಮೆರಿಕದ ಪೊಲೀಸರು ಊರೊಳಗೆ ಬಳಸುತ್ತಾರೆ. ಅರಳಿದ ಗುಂಡು ಬೇಗ ನಿಲ್ಲುತ್ತದೆ, ಹಿಂದಿದ್ದವರು ಉಳಿಯುತ್ತಾರೆ ಎಂಬುದು ಅವರ ಸಮರ್ಥನೆ. ಅರಳಿದರೆ 9 ಮಿ.ಮೀ. ಗುಂಡೂ ಹದಿನಾಲ್ಕು ಹದಿನೈದು ಮಿ.ಮೀ. ಆಗುತ್ತದೆ. ಅರಳದಿದ್ದರೆ? 9 ಮತ್ತು .45ರ ವ್ಯಾಸದ ಅಂತರ ಎರಡೂವರೆ ಮಿಲಿಮೀಟರ್. ಇಕ್ಕೆಲಕ್ಕೂ ಹಂಚಿದರೆ ಒಂದೊಂದು ಕಡೆ ಒಂದು ಸಾಸಿವೆ ಕಾಳಿನಷ್ಟು. ಸಣ್ಣ ಗುಂಡು ತಪ್ಪಿಸಿಕೊಂಡ ರಕ್ತನಾಳವನ್ನು ದೊಡ್ಡದು ಮುಟ್ಟಬೇಕಾದರೆ ಅದು ಈ ಸಾಸಿವೆಯೊಳಗೇ ಇರಬೇಕು.

ಮಯಾಮಿಯ ನಂತರ ಎಫ್‌ಬಿಐ ದೊಡ್ಡ ಗುಂಡಿನತ್ತ ಹೊರಟಿತು. ಮೊದಲು 10 ಮಿ.ಮೀ. ಅದರ ಒದೆತ ಹಲವರ ಕೈಗೆ ಒಗ್ಗಲಿಲ್ಲ. ಮದ್ದು ಇಳಿಸಿದರು. ಇಳಿಸಿದ ಮೇಲೆ ಅಷ್ಟುದ್ದದ ತೋಟಾ ಏಕೆಂದು 1990ರಲ್ಲಿ ಅದೇ ವ್ಯಾಸದ ಗಿಡ್ಡ ತೋಟಾ ಹುಟ್ಟಿತು, .40. ಎಫ್‌ಬಿಐ ಅದನ್ನು ವರ್ಷಾನುಗಟ್ಟಲೆ ಹೊತ್ತಿತು. ಕೊನೆಗೆ 2014ರಲ್ಲಿ ಅದರ ತರಬೇತಿ ವಿಭಾಗ 9 ಮಿ.ಮೀ.ಗೆ ಮರಳುವುದೇ ಸರಿ ಎಂದು ಬರೆಯಿತು. ಹೊಸ ಗುಂಡುಗಳ ಆಳ, ಅರಳುವಿಕೆಗಳಲ್ಲಿ 9 ಮಿ.ಮೀ., .40, .45 ಈ ಮೂರು ಕ್ಯಾಲಿಬರಿಗೂ ಹೇಳಿಕೊಳ್ಳುವ ಅಂತರ ಉಳಿದಿಲ್ಲ. ಒದೆತ ಕಡಿಮೆಯಾದ್ದರಿಂದ ಏಜೆಂಟರು 9ರಲ್ಲಿ ಬೇಗ, ನಿಖರವಾಗಿ ಹೊಡೆಯುತ್ತಾರೆ. ಮ್ಯಾಗಜೀನಿನಲ್ಲಿ ತೋಟಾಗಳೂ ಹೆಚ್ಚು ಹಿಡಿಯುತ್ತವೆ. ಗುರಿಯ ಮಾತು ಏಕೆ ಮುಖ್ಯ ಎನ್ನುವವರು ರ‍್ಯಾಂಡ್ ಸಂಸ್ಥೆ ನ್ಯೂಯಾರ್ಕ್ ಪೊಲೀಸರ ಬಗ್ಗೆ 2008ರಲ್ಲಿ ಕೊಟ್ಟ ವರದಿ ನೋಡಬೇಕು. ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಕಾಳಗಗಳಲ್ಲಿ ಪೊಲೀಸರ ನೂರು ಗುಂಡಿನಲ್ಲಿ ತಾಗಿದ್ದು ಹದಿನೆಂಟು. ತರಬೇತಾದವರ ಪಾಡೇ ಇದು. ನಡುರಾತ್ರಿ ಕದ ಒಡೆಯುವ ಸದ್ದಿಗೆ ಎದ್ದು, ನಡುಗುವ ಕೈಯಲ್ಲಿ ಪಿಸ್ತೂಲು ಹುಡುಕುವವನ ಗುಂಡು ಎಲ್ಲಿ ಹೋದೀತು ಎಂದು ಬೇರೆ ಹೇಳಬೇಕೇ?

ಹಾಗೆಂದು ಕ್ಯಾಲಿಬರ್ ಲೆಕ್ಕಕ್ಕೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆಂಟನಿ ಬ್ರಾಗಾ, ಫಿಲಿಪ್ ಕುಕ್ ಎಂಬ ಸಂಶೋಧಕರು ಬಾಸ್ಟನ್ನಿನಲ್ಲಿ 2010ರಿಂದ 2014ರವರೆಗೆ ಗುಂಡೇಟು ತಿಂದವರ ಪೊಲೀಸ್ ಕಡತಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಯದ ಜಾಗ, ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ದೊಡ್ಡ ಕ್ಯಾಲಿಬರಿನ ಏಟಿಗೆ ಸಾವಿನ ಸಂಭವ ಸಣ್ಣದಕ್ಕಿಂತ ಬಹುಪಟ್ಟು ಹೆಚ್ಚು. ಮಧ್ಯಮದ್ದು, ಅಂದರೆ 9 ಮಿ.ಮೀ., .38ರ ಗುಂಪು, ನಡುವೆ ಬರುತ್ತದೆ. ಇಲ್ಲಿ ವಿರೋಧವೇನೂ ಇಲ್ಲ. ಮುಂದಿನ ಐದು ಸೆಕೆಂಡಿನಲ್ಲಿ ದಾಳಿಕೋರ ನಿಲ್ಲುವನೇ ಎಂಬುದು ಒಂದು ಪ್ರಶ್ನೆ. ಮೂರು ಗಂಟೆಯ ಮೇಲೆ ಆಪರೇಷನ್ ಟೇಬಲ್ ಮೇಲೆ ಉಳಿಯುವನೇ ಎಂಬುದು ಬೇರೆ ಪ್ರಶ್ನೆ. ಆತ್ಮರಕ್ಷಣೆಗೆಂದು ಕೊಳ್ಳುವವನಿಗೆ ಬೇಕಾದದ್ದು ಮೊದಲನೆಯದು. ದೊಡ್ಡ ತೂತು ಮುಖ್ಯವಾಗಿ ಬದಲಿಸುವುದು ಎರಡನೆಯದರ ಉತ್ತರವನ್ನು.

ಭಾರತದಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ, ಕಾನೂನು ಅದನ್ನು ಮುಗಿಸಿಬಿಟ್ಟಿದೆ. 9 ಮಿ.ಮೀ. ನಮ್ಮಲ್ಲಿ ‘ನಿಷೇಧಿತ ಬೋರ್’. ಸೇನೆ, ಪೊಲೀಸರ ತೋಟಾ ಹೊರಗಿನವರ ಪಿಸ್ತೂಲಿಗೆ ಹೊಂದಬಾರದು ಎಂಬ ಬ್ರಿಟಿಷರ ಕಾಲದ ಎಚ್ಚರಿಕೆಯ ಮುಂದುವರಿಕೆ ಇದು. ಲೈಸೆನ್ಸ್ ಸಿಕ್ಕವನು ಕೊಳ್ಳುವುದು ಸಾಮಾನ್ಯವಾಗಿ .32, ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯದು. 2014ರಲ್ಲಿ ಹೆಂಗಸರಿಗೆಂದು, ದೆಹಲಿಯ ನಿರ್ಭಯಾಳ ನೆನಪಿನ ಹೆಸರಿಟ್ಟು ಅಲ್ಲಿಂದ ಬಂದ ಅರ್ಧ ಕಿಲೋ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ .32. ಬಾಸ್ಟನ್ನಿನ ಪಟ್ಟಿಯಲ್ಲಿ ಇದು ‘ಸಣ್ಣ’ ಗುಂಪಿನದು. ಸಾವು ತಗ್ಗಿಸುವ ಯೋಚನೆಯಿಂದ ಯಾರೂ ಹೀಗೆ ಮಾಡಿದ್ದಲ್ಲ, ಆದರೂ ಹಾಗಾಗಿರಬಹುದು. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆಯಾದರೂ ಅದು ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜೆಗೊಳ್ಳುವ ಉದ್ದ ನಳಿಗೆಯ ಕೋವಿಗೆ. ಉಳಿದವರಿಗೆ ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದನ್ನೂ ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತಾರೆ. ಇದ್ದ ಕೆಲವೇ ತೋಟಾಗಳನ್ನು ಅಭ್ಯಾಸಕ್ಕೆ ಸುಟ್ಟು ಕಳೆಯಲು ಯಾರಿಗೂ ಮನಸ್ಸು ಬಾರದು. ರಿವಾಲ್ವರ್ ಬೀರುವಿನಲ್ಲಿ, ಸೀರೆಗಳ ಕೆಳಗೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಚುನಾವಣೆ ಘೋಷಣೆಯಾದಾಗ ಅದು ಹೊರಬರುತ್ತದೆ, ಠಾಣೆಗೆ ಒಪ್ಪಿಸಿ ರಸೀತಿ ತರುವುದಕ್ಕೆ.