ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ: ತಾಟಿನಲ್ಲಿ ಎಷ್ಟು, ಹೇಗೆ?

ದೇಹದ ತೂಕ ಇಳಿಸುವುದಕ್ಕಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಈಗ ಮಹಾನಗರಗಳವರ ಸಂಗತಿಯಾಗಿ ಮಾತ್ರ ಉಳಿದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸದ್ಭಕ್ತರ ಮನೆಗಳಿಂದಲೂ ಬೆಳಗಾವಿ, ಮೀರಜ, ಕೊಲ್ಲಾಪುರ, ಪುಣೆಗಳಿಗೆ ಹೋಗಿ ಇದನ್ನು ಮಾಡಿಸಿಕೊಂಡು ಬರುವವರಿದ್ದಾರೆ. ಆಸ್ಪತ್ರೆಯಲ್ಲಿ ಇರುವುದು ಎರಡು ಮೂರು ದಿನ. ನಿಜವಾದ ಶುಶ್ರೂಷೆ ಆರಂಭವಾಗುವುದು ಮನೆಯ ಅಡುಗೆಮನೆಯಲ್ಲಿ. ಅದು ಆರರಿಂದ ಎಂಟು ವಾರಗಳವರೆಗೆ ನಡೆಯಬೇಕಾದ ಕಾರ್ಯ.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಒಂದು ಪಥ್ಯದ ಹಾಳೆಯನ್ನು ಕೊಡುತ್ತಾರೆ. ಅನೇಕ ವೇಳೆ ಅದರಲ್ಲಿ ಕೋಳಿಯ ಸೂಪು, ಮೊಟ್ಟೆಯ ಬಿಳಿಭಾಗ, ಬೇಯಿಸಿದ ಮೀನು ಎಂದು ಬರೆದಿರುತ್ತದೆ. ಶಾಕಾಹಾರಿಗಳಾದ ನಮ್ಮವರು ಅದನ್ನು ಒಮ್ಮೆ ಓದಿ, ಇದು ನಮಗಲ್ಲವೆಂದು ಮಡಿಚಿಡುತ್ತಾರೆ. ಆಮೇಲೆ ಉಳಿಯುವುದು ಮನೆಯವರ ಪ್ರೀತಿ ಮಾತ್ರ. ‘ಇಷ್ಟು ಉಂಡರೆ ಜೀವ ಹೇಗೆ ನಿಂತೀತು’ ಎಂದು ಮಗನಿಗೋ ಸೊಸೆಗೋ ಒತ್ತಾಯದಿಂದ ಇನ್ನೆರಡು ತುತ್ತು ತಿನ್ನಿಸುವ ಪ್ರೀತಿ ಅದು. ಈ ಲೇಖನವನ್ನು ರೋಗಿಗಳಿಗಿಂತ ಹೆಚ್ಚಾಗಿ ಅವರಿಗೆ ಉಣಬಡಿಸುವ ತಾಯಂದಿರಿಗಾಗಿ ಬರೆಯುತ್ತಿದ್ದೇನೆ.

ಒಳಗೆ ಆಗಿರುವುದೇನೆಂದು ಮೊದಲು ತಿಳಿಯಬೇಕು. ಸಾಮಾನ್ಯ ಜಠರವು ಊಟದ ಹೊತ್ತಿಗೆ ಹಿಗ್ಗಿ ಒಂದು ಲೀಟರಿನಷ್ಟನ್ನೂ ಹಿಡಿಯಬಲ್ಲದು. ಈಗ ಹೆಚ್ಚಾಗಿ ನಡೆಯುವ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಅದರ ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಾಕಾರದ ಒಂದು ಕೊಳವೆಯನ್ನು ಉಳಿಸುತ್ತಾರೆ. ಅದು ಹಿಡಿಯುವುದು ಸುಮಾರು 100ರಿಂದ 150 ಮಿ.ಲೀ., ಅಂದರೆ ಒಂದು ಸಣ್ಣ ಸ್ಟೀಲ್ ವಾಟಿಯಷ್ಟು. ‘ಬೈಪಾಸ್’ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಕತ್ತರಿಸಿದ ಅಂಚನ್ನು ಸೂಕ್ಷ್ಮವಾದ ಲೋಹದ ಪಿನ್ನುಗಳಿಂದ ಹೊಲಿದಿರುತ್ತಾರೆ. ಹೊರಗೆ ಹೊಟ್ಟೆಯ ಮೇಲೆ ಕಾಣುವುದು ನಾಲ್ಕೈದು ಚಿಕ್ಕ ಗಾಯಗಳು ಮಾತ್ರ. ಹಸಿಯಾಗಿರುವ ದೊಡ್ಡ ಗಾಯ ಒಳಗಿದೆ. ಒತ್ತಾಯದ ಎರಡು ತುತ್ತು ಹೋಗಿ ಒತ್ತುವುದು ಆ ಗಾಯವನ್ನೇ. ಆದ್ದರಿಂದ ಮೊದಲ ವಾರಗಳ ಅಲ್ಪಾಹಾರವು ತೂಕ ಇಳಿಸುವ ಉಪಾಯವೆಂದು ಭಾವಿಸಬಾರದು. ಅದು ಗಾಯ ಮಾಯುವುದಕ್ಕೆ ಕೊಡುವ ಅವಕಾಶ.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ‘ಮಾತ್ರಾಶಿತೀಯ’ ಎಂಬ ಅಧ್ಯಾಯವೇ ಇದೆ. ಆಹಾರದ ಪ್ರಮಾಣವು ಎಲ್ಲರಿಗೂ ಒಂದೇ ಅಲ್ಲ, ಅದು ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿದೆ ಎಂಬುದು ಅದರ ತಿರುಳು. ವಮನ, ವಿರೇಚನಗಳಾದ ಮೇಲೆ ಅಗ್ನಿಯು ಕ್ಷೀಣವಾಗಿರುವಾಗ ಮೊದಲು ತೆಳುವಾದ ಪೇಯ, ಬಳಿಕ ಗಟ್ಟಿಯಾದ ವಿಲೇಪಿ, ಅದಾದ ಮೇಲೆ ಬೇಳೆಯ ಯೂಷ, ಕೊನೆಗೆ ವಾಡಿಕೆಯ ಊಟ ಎಂಬ ಏರಿಕೆಯನ್ನು ನಮ್ಮ ಶಾಸ್ತ್ರವು ‘ಸಂಸರ್ಜನ ಕ್ರಮ’ ಎಂದು ಹೇಳಿದೆ. ಆರಿಹೋಗುವಂತಿರುವ ಕಿಡಿಯನ್ನು ಒಣಹುಲ್ಲು ಹಾಕಿ ಎಬ್ಬಿಸಿ, ಆಮೇಲೆ ಕುಳ್ಳು, ಆಮೇಲೆ ಕಟ್ಟಿಗೆ ಇಡುವ ಹಾಗೆ. ಇಂದಿನ ಶಸ್ತ್ರವೈದ್ಯರು ಹೇಳುವ ಮೆಟ್ಟಿಲುಗಳೂ ಇದೇ ದಾರಿಯವು. ಆದರೆ ಎರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ. ಸಂಸರ್ಜನವು ಹೆಚ್ಚೆಂದರೆ ಏಳು ದಿನಗಳದು, ಅಕ್ಕಿಯ ಗಂಜಿಯಿಂದ ತೊಡಗುವಂಥದು. ಇಲ್ಲಿ ಬೇಕಾದುದು ವಾರಗಳು. ಮತ್ತು ಗಂಜಿಗಿಂತ ಮೊದಲು ಬೇಕಾದುದು ಮಾಂಸಖಂಡವನ್ನು ಕಾಯುವ ಪ್ರೋಟೀನು. ಹತ್ತು ಹದಿನೈದು ದಿನ ಬರೀ ಗಂಜಿಯ ತಿಳಿಯ ಮೇಲೆ ರೋಗಿಯನ್ನು ಇರಿಸುವುದು ಪಥ್ಯವೆನಿಸದು.

ಮೊದಲ ಒಂದೆರಡು ದಿನ ಆಸ್ಪತ್ರೆಯಲ್ಲಿಯೇ ತಿಳಿನೀರಿನಂಥ ದ್ರವಗಳಿಂದ ಆರಂಭ ಮಾಡುತ್ತಾರೆ. ಕೆಮ್ಮಿನ ಔಷಧದ ಬಾಟಲಿಯೊಡನೆ ಬರುವ ಗುರುತು ಹಾಕಿದ ಸಣ್ಣ ಕಪ್ಪನ್ನು ಮನೆಯಲ್ಲಿ ಎತ್ತಿಡಿ. ಈ ದಿನಗಳಲ್ಲಿ ಅದೇ ಅಳತೆಯ ಪಾತ್ರೆ. ಒಂದು ಸಲಕ್ಕೆ 30 ಮಿ.ಲೀ., ಅದನ್ನೂ ಹದಿನೈದು ನಿಮಿಷಗಳಲ್ಲಿ ಗುಟುಕು ಗುಟುಕಾಗಿ. ಗಂಗಾಳ ಎತ್ತಿ ಗಟಗಟನೆ ಕುಡಿಯುವ ರೂಢಿ ನಮ್ಮ ರೈತ ಕುಟುಂಬಗಳಲ್ಲಿ ಇದೆ. ಅದನ್ನು ಇನ್ನು ಮುಂದೆ ಬಿಡಲೇಬೇಕು. ಮನೆಗೆ ಬಂದ ಮೇಲೆ ಎರಡು ವಾರ ತುಂಬುವವರೆಗೆ ಸೋಸಿದ ದ್ರವಾಹಾರ: ಬೆಣ್ಣೆ ತೆಗೆದ ಮಜ್ಜಿಗೆ, ಕೆನೆ ತೆಗೆದ ಹಾಲು, ಖಾರವಿಲ್ಲದ ಹೆಸರುಬೇಳೆಯ ಕಟ್ಟು, ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ. ಒಗ್ಗರಣೆಯ ಮೆಣಸಿನಕಾಯಿ, ಸಾಸಿವೆ, ಕರಿಬೇವು ಯಾವುದೂ ಬೇಡ. ಜೀರಿಗೆಯನ್ನು ಕುದಿಸಿ ಸೋಸಿದ ನೀರಾದರೆ ಅಡ್ಡಿಯಿಲ್ಲ.

ಮೂರು ಮತ್ತು ನಾಲ್ಕನೆಯ ವಾರಗಳಲ್ಲಿ ನುಣ್ಣಗೆ ಅರೆದ ಆಹಾರ. ಹೆಸರುಬೇಳೆಯನ್ನು ಕಟ್ಟಾಗಿ ಸೋಸದೆ, ಚೆನ್ನಾಗಿ ಬೇಯಿಸಿ ಮಿಕ್ಸರಿಗೆ ಹಾಕಿ ತೆಗೆದದ್ದು, ಗಟ್ಟಿ ಮೊಸರು, ಮೊಸರಿನಲ್ಲಿ ಕಲಸಿ ನುಣ್ಣಗೆ ಮಾಡಿದ ಪನೀರು, ಬೇಯಿಸಿ ಹಿಸುಕಿದ ಕುಂಬಳ ಅಥವಾ ಸೋರೆಕಾಯಿ. ಒಂದು ಹೊತ್ತಿಗೆ ಎರಡರಿಂದ ನಾಲ್ಕು ದೊಡ್ಡ ಚಮಚ. ಐದನೆಯ ವಾರದಿಂದ ಬೆರಳಿನಿಂದ ಒತ್ತಿದರೆ ಮೆತ್ತಗಾಗುವ ಆಹಾರ, ಅರ್ಧ ವಾಟಿಯವರೆಗೆ. ಇಡ್ಲಿಯ ಒಂದು ತುಂಡನ್ನು ತೊವ್ವೆಯಲ್ಲಿ ನೆನೆಸಿ ತಿನ್ನಬಹುದು. ನೆನೆಸಿ ಬೇಯಿಸಿ ಅರೆದ ಸೋಯಾ, ತೆಳುವಾದ ಜುಣಕ ನಡೆಯುತ್ತವೆ. ಜೋಳದ ರೊಟ್ಟಿಗೆ ಎಂಟು ವಾರ ಕಾಯಬೇಕು. ಇದನ್ನು ಹೇಳಿದಾಗ ಮುಖ ಸಣ್ಣದು ಮಾಡದವರನ್ನು ನಾನು ಕಂಡಿಲ್ಲ! ಆದರೆ ವಿಚಿತ್ರವೆಂದರೆ, ಆಮೇಲೆ ಬಿಸಿಯಾದ ಮೆತ್ತನೆಯ ರೊಟ್ಟಿ, ಚಪಾತಿಗಳಿಗಿಂತ ಕಟಕ ರೊಟ್ಟಿಯೇ ಕೆಲವರಿಗೆ ಸುಲಭವಾಗಿ ಒಗ್ಗುತ್ತದೆ. ಮೆತ್ತನೆಯದು ಅಗಿಯುವಾಗ ಹಿಟ್ಟಿನ ಮುದ್ದೆಯಾಗಿ ಇಳಿಯದೆ ನಿಂತುಬಿಡುತ್ತದೆ. ಕಟಕ ರೊಟ್ಟಿಯನ್ನು ಅಗಿಯದೆ ನುಂಗಲು ಸಾಧ್ಯವೇ ಇಲ್ಲ. ಹಸಿ ಉಳ್ಳಾಗಡ್ಡಿ, ಮೆಂತ್ಯದ ಪಚಡಿ, ಶೇಂಗಾ ಇವೆಲ್ಲ ಇನ್ನೂ ತಡವಾಗಿ.

ಈ ವಾರಗಳ ಲೆಕ್ಕವು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಹಿಂದೆಮುಂದೆ ಇರುತ್ತದೆ. ಶಸ್ತ್ರಚಿಕಿತ್ಸೆ ಮಾಡಿದವರ ಮಾತೇ ಅಂತಿಮ. ಒಳಗಿನ ಹೊಲಿಗೆಯನ್ನು ಕಂಡವರು ಅವರು.

ದಿನವೊಂದಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ನಿಯಮ. ಶಾಕಾಹಾರಿಗಳಿಗೆ ಕಷ್ಟವಾಗುವುದು ಇಲ್ಲಿಯೇ. ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ ಇರುವುದು ಆರೇಳು ಗ್ರಾಂ. 100 ಗ್ರಾಂ ಮೊಸರಿನಲ್ಲಿ ಮೂರು ಗ್ರಾಂ ಚಿಲ್ಲರೆ. 30 ಗ್ರಾಂ ಹೆಸರುಬೇಳೆಯಲ್ಲಿ ಏಳು ಗ್ರಾಂ. ಸೋಸಿ ತೆಗೆದ ಕಟ್ಟಿನಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. 100 ಗ್ರಾಂ ಪನೀರಿನಲ್ಲಿ 18 ಗ್ರಾಂ ಇದ್ದರೂ ಅಷ್ಟನ್ನು ಒಮ್ಮೆಗೆ ತಿನ್ನಲಾಗದು. ಹೀಗಾಗಿ ಮೊದಲ ತಿಂಗಳುಗಳಲ್ಲಿ ಹಾಲಿನಿಂದ ತಯಾರಾದ ಪ್ರೋಟೀನ್ ಪುಡಿ ನಮ್ಮವರಿಗೆ ಅನಿವಾರ್ಯ. ಡಬ್ಬಿಯ ಬೆಲೆ ನೋಡಿ, ‘ಇದು ಜಿಮ್ಮಿನ ಹುಡುಗರದು’ ಎಂದು ನಿಲ್ಲಿಸಿಬಿಟ್ಟರೆ, ಇಳಿಯುವ ತೂಕದಲ್ಲಿ ಬೊಜ್ಜಿನೊಡನೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ, ಏಳುವಾಗ ತಲೆ ಸುತ್ತುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ನಿಗದಿಪಡಿಸಿಕೊಳ್ಳಬೇಕು. ತಾಟಿನಲ್ಲಿ ಏನಿದ್ದರೂ ಮೊದಲ ತುತ್ತು ಬೇಳೆ, ಪನೀರು, ಮೊಸರಿನದಾಗಿರಲಿ. ಅನ್ನ ಕೊನೆಗೆ, ಜಾಗ ಉಳಿದರೆ.

ನೀರಿನ ವಿಷಯವೂ ಅಷ್ಟೇ ಮುಖ್ಯ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ, ಎಚ್ಚರವಿರುವಷ್ಟು ಹೊತ್ತೂ ಗುಟುಕು ಸಾಗುತ್ತಿರಬೇಕು. ನಮ್ಮ ಭಾಗದ ಏಪ್ರಿಲ್, ಮೇ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಆದರೆ ಊಟದ ಜೊತೆಗೆ ನೀರು ಬೇಡ. ಉಂಡ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಜಠರದ ಒಂದು ಭಾಗ ಘನಾಹಾರಕ್ಕೆ, ಒಂದು ದ್ರವಕ್ಕೆ, ಒಂದು ತೆರಪಾಗಿ ಎಂದು ಚರಕರು ವಿಮಾನಸ್ಥಾನದಲ್ಲಿ ಹೇಳಿದ ವಿಭಾಗವು ಇಡೀ ಜಠರಕ್ಕೆ ಸಂಬಂಧಿಸಿದ್ದು. ಅದೇ ವಾಟಿಯಷ್ಟಾಗಿರುವಾಗ ಘನಕ್ಕೂ ದ್ರವಕ್ಕೂ ಬೇರೆಬೇರೆ ಹೊತ್ತುಗಳೇ ಬೇಕಾಗುತ್ತವೆ.

ಈಗ ಭಕ್ತರು ನನ್ನಲ್ಲಿ ಸಂಕೋಚದಿಂದ ಕೇಳುವ ಪ್ರಶ್ನೆಗೆ ಬರುತ್ತೇನೆ. ಪ್ರಸಾದವನ್ನು ತಾಟಿನಲ್ಲಿ ಬಿಡಬಾರದು, ಒಂದು ಅಗುಳೂ ಚೆಲ್ಲಬಾರದು ಎಂಬುದು ನಮಗೆ ಬಾಲ್ಯದಿಂದ ಬಂದ ಸಂಸ್ಕಾರ. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಗೋಧಿ ಹುಗ್ಗಿ, ಅನ್ನ, ಸಾರು, ಬದನೆಕಾಯಿ ಪಲ್ಯೆ ತಾಟು ತುಂಬ ಬಂದುಬಿಡುತ್ತವೆ. ಬಿಡುವುದು ಹೇಗೆ ಎಂದು ಬಲವಂತವಾಗಿ ಉಂಡು, ಹೊರಗೆ ಹೋಗಿ ವಾಂತಿ ಮಾಡಿಕೊಳ್ಳುವವರಿದ್ದಾರೆ. ನನ್ನ ತಿಳಿವಳಿಕೆಯಂತೆ ಪ್ರಸಾದವನ್ನು ಕೆಡಿಸಬಾರದೆಂಬ ನಿಯಮವು ಪಾಲಿಸಲ್ಪಡುವುದು ನೀಡಿಸಿಕೊಳ್ಳುವಾಗ. ಒಂದು ಚಮಚ ಮಾತ್ರ ನೀಡಿಸಿಕೊಂಡು ಅದನ್ನು ಪೂರ್ತಿ ಸ್ವೀಕರಿಸಿದರೆ ನಿಯಮಕ್ಕೆ ಭಂಗವಿಲ್ಲ. ನೀಡುವವರ ಕೈ ಮುಂದಾದರೆ, ಎಂಜಲಾಗುವ ಮುನ್ನವೇ ಪಕ್ಕದ ತಾಟಿಗೆ ಕೊಡಬಹುದು. ಮೊದಲ ಆರು ವಾರ ಪಂಕ್ತಿಯಲ್ಲಿ ಕೂಡದೆ, ಸೋಸಿದ ಮಜ್ಜಿಗೆಯ ನಾಲ್ಕು ಗುಟುಕನ್ನೇ ಪ್ರಸಾದವೆಂದು ಸ್ವೀಕರಿಸಿದರೂ ಸಾಕು. ಬಡಿಸುವ ಸೇವೆಯಲ್ಲಿರುವ ಶರಣರಲ್ಲಿ ಒಂದು ವಿನಂತಿ: ಯಾರಾದರೂ ‘ಸಾಕು’ ಎಂದು ಕೈ ಅಡ್ಡ ಹಿಡಿದಾಗ ಕಾರಣ ಕೇಳಬೇಡಿ.

ಹುಗ್ಗಿಯ ಮಾತು ಬಂದಿತು. ನಮ್ಮದು ಕಬ್ಬಿನ ನಾಡು. ಗಾಣದ ಮನೆಯ ಬಿಸಿ ಬೆಲ್ಲ, ಕಬ್ಬಿನ ಹಾಲು, ಹೋಳಿಗೆ ಇವಿಲ್ಲದೆ ಹಬ್ಬವಿಲ್ಲ. ಬೈಪಾಸ್ ಆದವರಲ್ಲಿ, ಕೆಲವೊಮ್ಮೆ ಸ್ಲೀವ್ ಆದವರಲ್ಲಿಯೂ, ಸಿಹಿಯು ನೇರವಾಗಿ ಕರುಳಿಗೆ ಧುಮುಕಿ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ಹಿಂಡುವುದು, ಭೇದಿ ಉಂಟಾಗುತ್ತದೆ. ಒಂದೆರಡು ಗಂಟೆಗಳ ನಂತರ ರಕ್ತದ ಸಕ್ಕರೆ ಥಟ್ಟನೆ ಕುಸಿದು ಕಣ್ಣು ಕತ್ತಲೆ ಬರುವುದೂ ಉಂಟು. ಬೆಲ್ಲ ಸಕ್ಕರೆಗಿಂತ ಉತ್ತಮ ಎಂಬ ವಾದ ಇಲ್ಲಿ ನಡೆಯದು. ಮಧುಮೇಹಿಗಳಂತೂ ಹಳೆಯ ಮಾತ್ರೆ, ಇನ್ಸುಲಿನ್‌ಗಳ ಪ್ರಮಾಣವನ್ನು ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮರುಪರಿಶೀಲಿಸಿಕೊಳ್ಳಬೇಕು. ಊಟ ವಾಟಿಯಷ್ಟಾದಾಗ ಮೊದಲಿನ ಗ್ಲಿಮೆಪಿರೈಡ್ ಮಾತ್ರೆಯೇ ಅಪಾಯವಾಗುತ್ತದೆ. ರಕ್ತದೊತ್ತಡದ ಮಾತ್ರೆಗಳಿಗೂ ಇದೇ ಮಾತು.

ತುತ್ತೊಂದನ್ನು ಇಪ್ಪತ್ತೈದು ಮೂವತ್ತು ಸಲ ಅಗಿಯಿರಿ. ಹೊಟ್ಟೆ ತುಂಬಿದ ಸೂಚನೆ ಹೊಟ್ಟೆಯಲ್ಲಿಯೇ ಬರುವುದೆಂದು ಕಾಯಬೇಡಿ. ಕೆಲವರಿಗೆ ಅದು ಎದೆಯ ನಡುವೆ ಒತ್ತಿದಂತೆ, ಕೆಲವರಿಗೆ ಬಿಕ್ಕಳಿಕೆ ಅಥವಾ ಮೂಗು ಸುರಿಯುವುದಾಗಿ ಬರುತ್ತದೆ. ಆಗ ಕೈಯಲ್ಲಿರುವ ತುತ್ತನ್ನೂ ಇಳಿಸಬೇಕು. ಅಪರೂಪಕ್ಕೊಮ್ಮೆ ಅವಸರದಲ್ಲಿ ಉಂಡು ವಾಂತಿಯಾದರೆ ಗಾಬರಿಯಿಲ್ಲ. ಎರಡು ಮೂರು ದಿನ ವಾಂತಿ ಮುಂದುವರಿದರೆ, ‘ಪಿತ್ತವಾಗಿದೆ’ ಎಂದು ಮನೆಮದ್ದು ಮಾಡುತ್ತ ಕೂಡಬೇಡಿ. ಬಿ1 ಜೀವಸತ್ವವು ಬೇಗನೆ ಬರಿದಾಗಿ ನರಗಳಿಗೂ ಮಿದುಳಿಗೂ ಶಾಶ್ವತ ಹಾನಿ ತಟ್ಟಬಹುದು. ಅದಕ್ಕೆ ಚುಚ್ಚುಮದ್ದೇ ಬೇಕು. ಜ್ವರ, ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಹೆಚ್ಚುತ್ತ ಹೋಗುವ ಹೊಟ್ಟೆನೋವು ಅಥವಾ ಎಡ ಭುಜದ ನೋವು, ಏದುಸಿರು, ಒಂದು ಕಾಲಿನ ಮೀನಖಂಡದ ಬಾವು, ಕಪ್ಪು ಮಲ, ನೀರೂ ನಿಲ್ಲದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವುದನ್ನು ಕಾಯದೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೆ ಹೊರಡಬೇಕು. ಹೊಲಿಗೆ ಸೋರಿದ್ದರೆ ಗಂಟೆಗಳ ಲೆಕ್ಕ.

ಶ್ರಾವಣ ಸೋಮವಾರವಾಗಲಿ ಶಿವರಾತ್ರಿಯಾಗಲಿ, ಮೊದಲ ವರ್ಷ ಉಪವಾಸ ಬೇಡ. ಸಾಬುದಾಣಿ ಖಿಚಡಿ, ಬಟಾಟೆ ಮುಂತಾದ ಫಲಾಹಾರವಂತೂ ಜಾಗ ತುಂಬುವುದೇ ಹೊರತು ಪ್ರೋಟೀನು ಕೊಡದು. ಇಷ್ಟಲಿಂಗ ಪೂಜೆಗೆ ಖಾಲಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂಡುವವರು ಮೊದಲೇ ಕೆಲವು ಗುಟುಕು ನೀರು ತೆಗೆದುಕೊಳ್ಳುವುದು ಒಳಿತು.

ನಿಪ್ಪಾಣಿ ಭಾಗದ ಹೊಲಗಳಲ್ಲಿ ತಂಬಾಕು ಬೆಳೆಯುತ್ತದೆ. ಬೀಡಿ, ಗುಟ್ಕಾ ಮಾತ್ರವಲ್ಲ, ತಾಯಂದಿರು ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ಅದು ಗಾಯ ಮಾಯುವುದನ್ನು ತಡೆಯುತ್ತದೆ, ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಅಂಥವೇ.

ನನ್ನ ಪದ್ಧತಿಯ ಔಷಧಗಳ ಬಗೆಗೂ ಹೇಳಲೇಬೇಕು. ಆಸವ, ಅರಿಷ್ಟಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವೂ ಬೆಲ್ಲವೂ ಇರುತ್ತವೆ. ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಮದ್ಯಾಂಶವು ಬಹು ಬೇಗ ರಕ್ತಕ್ಕೆ ಏರುತ್ತದೆ. ಲೇಹ್ಯಗಳಲ್ಲಿ ಸಕ್ಕರೆ. ಮಲಬದ್ಧತೆಗೆಂದು ಹರಳೆಣ್ಣೆ, ತೀಕ್ಷ್ಣ ವಿರೇಚಕ ಚೂರ್ಣ ಕೊಟ್ಟರೆ ಇರುವ ನೀರೂ ಹೋಗುತ್ತದೆ; ಆಹಾರವೇ ಅಲ್ಪವಾದಾಗ ಎರಡು ದಿನಕ್ಕೊಮ್ಮೆ ಮಲವಾಗುವುದು ಸಹಜ. ತೂಕ ಇನ್ನಷ್ಟು ಬೇಗ ಇಳಿಯಲೆಂದು ಗುಗ್ಗುಳು ಕೇಳಿಕೊಂಡು ಬರುವವರಿಗೆ ಮೊದಲ ಆರು ತಿಂಗಳು ನಾನು ಏನನ್ನೂ ಬರೆಯುವುದಿಲ್ಲ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಇವುಗಳ ಪೂರೈಕೆ ಆಜೀವ ಪರ್ಯಂತ ನಡೆಯಬೇಕು. ಶಾಕಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆಯಿರುವ ಸಂಭವ ಹೆಚ್ಚು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗದೆ ಎರಡು ಗಂಟೆಯ ಅಂತರವಿಡಬೇಕು. ಕಬ್ಬಿಣದ ಮಾತ್ರೆಯ ಬೆನ್ನಿಗೆ ಚಹಾ ಕುಡಿಯಬಾರದು. ತೂಕ ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು, ಅದನ್ನು ತಡೆಯಲು ಕೊಟ್ಟ ಮಾತ್ರೆಯನ್ನು ಆರು ತಿಂಗಳು ತಪ್ಪಿಸಬಾರದು. ಮಗು ಬೇಕೆನ್ನುವ ದಂಪತಿಗಳು 12ರಿಂದ 18 ತಿಂಗಳು ಕಾಯಬೇಕು. ರಕ್ತಪರೀಕ್ಷೆ ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳುಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ. ಹಳೆಯ ವರದಿಗಳನ್ನೂ ಪಥ್ಯದ ಹಾಳೆಯನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ.