ಪುಟ ಹಿಡಿದಿಟ್ಟರೆ ಹೊರಬರುವುದು ಹೇಗೆ?



ಮೊಬೈಲಿನಲ್ಲಿ ನೀವು ಏನನ್ನೋ ಹುಡುಕುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಕಾಸರಗೋಡಿನ ಕಡೆಯವರಾದರೆ ಅಡಿಕೆಯ ಧಾರಣೆ, ಸೊಲ್ಲಾಪುರದ ಕಡೆಯವರಾದರೆ ಈರುಳ್ಳಿಯ ದರ, ಆದೋನಿಯವರಾದರೆ ಹತ್ತಿಯ ದರ. ಎಲ್ಲಿಯವರಾದರೂ ಸರಿ, ಮಗಳ ಪರೀಕ್ಷೆಯ ಫಲಿತಾಂಶ. ಬೆರಳು ಎಲ್ಲೋ ಒಂದು ಕಡೆ ತಾಗಿತು. ಒಮ್ಮೆಲೆ ಪರದೆ ಪೂರ್ತಿ ಕೆಂಪಾಯಿತು. ಸೈರನ್ ಕೂಗತೊಡಗಿತು. ನಿಮ್ಮ ಫೋನಿಗೆ ವೈರಸ್ ತಗುಲಿದೆ, ಕೂಡಲೆ ಈ ಸಂಖ್ಯೆಗೆ ಕರೆ ಮಾಡಿ ಎಂಬ ಒಕ್ಕಣೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮೂಡಿತು. 'ಓಕೆ' ಒತ್ತಿದರೆ ಮತ್ತೆ ಅದೇ ಚೌಕ. ಹಿಂದಕ್ಕೆ ಹೋಗುವ ಬಾಣದ ಗುರುತು ಒತ್ತಿದರೆ ಮತ್ತೆ ಅದೇ ಪುಟ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಲ್ಲವೆ?

ಇಂಥ ಪುಟದ ಹಿಡಿತದಿಂದ ಬಿಡಿಸಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತು. ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪುಟ ನಿಮ್ಮ ಫೋನಿಗೆ ಬೀಗ ಹಾಕಿಲ್ಲ. ಬೀಗ ಹಾಕಿದೆ ಎಂದು ನಿಮ್ಮನ್ನು ನಂಬಿಸುವುದಷ್ಟೇ ಅದರ ಕೆಲಸ.

ಇದು ತಿಳಿಯಬೇಕಾದರೆ ಮೂರು ವಸ್ತುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ನಿಮ್ಮ ಫೋನು ಅಥವಾ ಕಂಪ್ಯೂಟರು. ಎರಡು, ಅದರೊಳಗಿನ ಬ್ರೌಸರು, ಅಂದರೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮುಂತಾದವು. ಮೂರು, ಆ ಬ್ರೌಸರಿನಲ್ಲಿ ತೆರೆದುಕೊಳ್ಳುವ ಪುಟ. ಫೋನನ್ನು ಒಂದು ಮನೆ ಎಂದುಕೊಳ್ಳಿ. ಬ್ರೌಸರು ಆ ಮನೆಯ ಜಗಲಿ. ಪುಟ ಎನ್ನುವುದು ಜಗಲಿಗೆ ಬಂದು ಕುಳಿತ ಅಪರಿಚಿತ. ಅವನು ಜಗಲಿಯಲ್ಲಿ ಕುಳಿತು ಎಷ್ಟು ಬೇಕಾದರೂ ಕೂಗಾಡಬಹುದು. ನೀವಾಗಿ ಬಾಗಿಲು ತೆರೆಯುವವರೆಗೆ ಒಳಗಿನ ಪೆಟ್ಟಿಗೆ ಮುಟ್ಟಲಾರ. ಬ್ರೌಸರನ್ನು ಆಗಿಂದಾಗ್ಗೆ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದರೆ ಈ ಗೋಡೆ ಗಟ್ಟಿಯಾಗಿರುತ್ತದೆ.

ಹಾಗಾದರೆ ಪುಟ ನಮ್ಮನ್ನು ಹಿಡಿದಿಡುವುದು ಹೇಗೆ? ಅದರ ಕೈಯಲ್ಲಿರುವುದು ನಾಲ್ಕೈದು ಉಪಾಯಗಳು ಮಾತ್ರ.

ಮೊದಲನೆಯದು, ಮುಗಿಯದ ಚೌಕ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ರಚಿಸಿದರು. ಪುಟಗಳು ನಮ್ಮ ಒತ್ತುವಿಕೆಗೆ ಉತ್ತರ ಕೊಡುವುದು ಬಹುಮಟ್ಟಿಗೆ ಈ ಭಾಷೆಯಿಂದಲೇ. ಇದರಲ್ಲಿ 'ಅಲರ್ಟ್' ಎಂಬ ಒಂದು ಆಜ್ಞೆ ಇದೆ. ಅದು ಒಂದು ಸಣ್ಣ ಚೌಕವನ್ನು ತೋರಿಸಿ, ನೀವು 'ಓಕೆ' ಒತ್ತುವ ತನಕ ಪುಟವನ್ನು ನಿಲ್ಲಿಸುತ್ತದೆ. ಅರ್ಜಿಯಲ್ಲಿ ಹೆಸರು ಬರೆಯಲು ಮರೆತಿದ್ದೀರಿ ಎಂದು ಎಚ್ಚರಿಸಲು ಇದು ಉಪಯುಕ್ತ. ಆದರೆ ಇದೇ ಆಜ್ಞೆಯನ್ನು ಕೊನೆಯಿಲ್ಲದಂತೆ ಮತ್ತೆ ಮತ್ತೆ ನಡೆಸು ಎಂದು ಬರೆದುಬಿಟ್ಟರೆ? ನೀವು ಒತ್ತುತ್ತಲೇ ಇರಬೇಕು, ಅದು ಮೂಡುತ್ತಲೇ ಇರುತ್ತದೆ.

ಇದಕ್ಕೆ ದೊಡ್ಡ ವಿದ್ಯೆ ಬೇಡ, ಒಂದೆರಡು ಸಾಲು ಸಾಕು. 2019ರ ಮಾರ್ಚ್ ತಿಂಗಳಲ್ಲಿ ಜಪಾನಿನ ಹ್ಯೋಗೊ ಪ್ರಾಂತದ ಪೊಲೀಸರು ಹದಿಮೂರು ವರ್ಷದ ಒಬ್ಬ ಶಾಲಾ ಬಾಲಕಿಯನ್ನು ವಿಚಾರಣೆಗೆ ಒಳಪಡಿಸಿದರು. ಇಂಥ ಮುಗಿಯದ ಚೌಕದ ಪುಟವೊಂದರ ಕೊಂಡಿಯನ್ನು ಆಕೆ ಹಂಚಿದ್ದಳು ಎಂಬುದು ಆರೋಪ. ಎಷ್ಟು ಸಲ ಮುಚ್ಚಿದರೂ ಪ್ರಯೋಜನವಿಲ್ಲ ಎಂಬ ಅರ್ಥದ ಮಾತು ಆ ಚೌಕದಲ್ಲಿತ್ತು. ಆ ದೇಶದ ಕಂಪ್ಯೂಟರ್ ತಜ್ಞರು ಪೊಲೀಸರ ಕ್ರಮವನ್ನು ಆಕ್ಷೇಪಿಸಿದರು. ಇದು ವೈರಸ್ಸಲ್ಲ, ಹುಡುಗಾಟಿಕೆ. ಪುಟವನ್ನು ಮುಚ್ಚಿದರೆ ಮುಗಿಯಿತು ಎಂದು ಅವರು ವಾದಿಸಿದರು. ಆ ವಾದದಲ್ಲಿ ನಮಗೊಂದು ಪಾಠವಿದೆ. ಚೌಕದೊಳಗಿನ ಗುಂಡಿಯಿಂದ ಬಿಡುಗಡೆಯಿಲ್ಲ, ಹೊರಗಿನಿಂದ ಮುಚ್ಚಿದರೆ ಬಿಡುಗಡೆ.

ಎರಡನೆಯದು, ಹಿಂದಿನ ದಾರಿಯನ್ನು ಕೆಡಿಸುವುದು. ನೀವು ನೋಡಿದ ಪುಟಗಳ ಪಟ್ಟಿಯನ್ನು ಬ್ರೌಸರು ಇಟ್ಟುಕೊಂಡಿರುತ್ತದೆ. ಬಾಣದ ಗುರುತು ಒತ್ತಿದಾಗ ಪಟ್ಟಿಯಲ್ಲಿ ಒಂದು ಹೆಜ್ಜೆ ಹಿಂದೆ ಹೋಗುತ್ತೀರಿ. ಮೋಸದ ಪುಟ ಆ ಪಟ್ಟಿಯಲ್ಲಿ ತನ್ನ ಹೆಸರನ್ನೇ ಹತ್ತಿಪ್ಪತ್ತು ಸಲ ಸೇರಿಸಿಬಿಡುತ್ತದೆ. ದಾರಿಯುದ್ದಕ್ಕೂ ಒಂದೇ ಊರಿನ ಹೆಸರಿರುವ ಮೈಲಿಗಲ್ಲು ನೆಟ್ಟಂತೆ. ನೀವು ನಡೆಯುತ್ತಿರುವುದು ನಿಜ, ಊರು ಮಾತ್ರ ಬದಲಾಗದು.

ಮೂರನೆಯದು, ಪರದೆಯನ್ನೆಲ್ಲ ಆವರಿಸುವುದು. ಸಿನಿಮಾ ನೋಡಲೆಂದು ಬ್ರೌಸರು ಪುಟಗಳಿಗೆ ಪೂರ್ಣ ಪರದೆಯ ಅವಕಾಶ ಕೊಡುತ್ತದೆ. ನೀವು ಪುಟದ ಮೇಲೆ ಎಲ್ಲಾದರೂ ಒಮ್ಮೆ ಒತ್ತಿದರೆ ಮೋಸದ ಪುಟ ಆ ಅವಕಾಶವನ್ನು ಬಳಸಿಕೊಳ್ಳುತ್ತದೆ. ಆಗ ಮೇಲಿನ ವಿಳಾಸದ ಪಟ್ಟಿ ಮರೆಯಾಗುತ್ತದೆ. ಆ ಜಾಗದಲ್ಲಿ ಪೊಲೀಸ್ ಲಾಂಛನವನ್ನೋ ಮೈಕ್ರೋಸಾಫ್ಟ್ ಸಂಸ್ಥೆಯ ಕಿಟಕಿಯನ್ನೋ ಹೋಲುವ ಚಿತ್ರ ಬರುತ್ತದೆ. ಅಲ್ಲಿ ಕಾಣುವ ಮುಚ್ಚುವ ಗುರುತು ಕೂಡ ಚಿತ್ರವೇ. ಗೋಡೆಯ ಮೇಲೆ ಬರೆದ ಬಾಗಿಲನ್ನು ತಳ್ಳಿದರೆ ತೆರೆಯುತ್ತದೆಯೆ?

ಇನ್ನೊಂದು ಹೆದರಿಕೆಯಿದೆ. ನಿಮ್ಮ ಊರು ಇದು, ನಿಮ್ಮ ಸಂಪರ್ಕದ ಸಂಖ್ಯೆ ಇದು ಎಂದು ಪುಟ ಬರೆದು ತೋರಿಸಬಹುದು. ನಮ್ಮ ಗುಟ್ಟೆಲ್ಲ ಗೊತ್ತಾಯಿತು ಎಂದು ಗಾಬರಿಯಾಗಬೇಡಿ. ಅಂತರ್ಜಾಲದಲ್ಲಿ ಯಾವ ಪುಟ ತೆರೆದರೂ ಉತ್ತರ ಕಳುಹಿಸಲು ಅದಕ್ಕೊಂದು ವಿಳಾಸ ಬೇಕು. ಅದೇ ಐಪಿ ಸಂಖ್ಯೆ. ಅದರಿಂದ ಊರನ್ನು ಅಂದಾಜು ಮಾಡುತ್ತಾರೆ, ಅಂದಾಜು ತಪ್ಪುವುದೂ ಉಂಟು. ತಾಳವಾಡಿಯಲ್ಲಿ ಕುಳಿತವರಿಗೆ ಚೆನ್ನೈ ಎಂದು ತೋರಿಸಿದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಆಟ ಏಕೆ? ಹಣಕ್ಕಾಗಿ. 2017ರ ಮಾರ್ಚ್‌ವರೆಗೆ ಐಫೋನಿನ ಸಫಾರಿಯಲ್ಲಿ ಒಂದು ಪುಟದ ಚೌಕ ಇಡೀ ಬ್ರೌಸರನ್ನೇ ತಡೆದು ನಿಲ್ಲಿಸಬಹುದಾಗಿತ್ತು. ಕೆಲವರು ಇದನ್ನು ಉಪಯೋಗಿಸಿಕೊಂಡು, ಐಟ್ಯೂನ್ಸ್ ಉಡುಗೊರೆ ಕಾರ್ಡಿನ ಮೂಲಕ ದಂಡ ಕಟ್ಟಿದರೆ ಬಿಡುತ್ತೇವೆ ಎಂದು ಹೆದರಿಸಿದರು. ಲುಕ್‌ಔಟ್ ಎಂಬ ಭದ್ರತಾ ಸಂಸ್ಥೆ ಇದನ್ನು ಬಯಲಿಗೆ ತಂದಿತು. ಆ್ಯಪಲ್ ಸಂಸ್ಥೆ ಅದೇ ತಿಂಗಳು 10.3ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು. ಗಮನಿಸಬೇಕಾದದ್ದೇನೆಂದರೆ, ಆಗಲೂ ಸೆಟ್ಟಿಂಗ್ಸ್‌ಗೆ ಹೋಗಿ ಸಫಾರಿಯ ಇತಿಹಾಸವನ್ನು ಅಳಿಸಿದವರು ಬಿಡಿಗಾಸು ಕೊಡದೆ ಹೊರಬರಬಹುದಾಗಿತ್ತು.

ಈಗ ಹೆಚ್ಚಾಗಿ ಕಾಣುವುದು ದೂರವಾಣಿ ಸಂಖ್ಯೆಯ ಬಲೆ. ಕರೆ ಮಾಡಿದರೆ ಅತ್ತ ಕಡೆಯವರು ವಿನಯದಿಂದ ಮಾತನಾಡುತ್ತಾರೆ. ದೂರದಿಂದಲೇ ನಿಮ್ಮ ಯಂತ್ರ ನಡೆಸುವ ಒಂದು ಆ್ಯಪ್ ಹಾಕಿಸುತ್ತಾರೆ. ಜಗಲಿಯಲ್ಲಿದ್ದವನು ಮನೆಯೊಳಗೆ ಬರುವುದು ಆಗಲೇ, ಅದೂ ನಮ್ಮ ಕೈಯಿಂದಲೇ ಬಾಗಿಲು ತೆರೆಸಿಕೊಂಡು. ನಮ್ಮ ದೇಶದೊಳಗಿನ ಇಂಥ ಜಾಲಗಳನ್ನು ಹಿಡಿಯಲು ಸಿಬಿಐ 2023ರ ಅಕ್ಟೋಬರಿನಲ್ಲಿ 'ಆಪರೇಷನ್ ಚಕ್ರ-2' ಎಂಬ ಕಾರ್ಯಾಚರಣೆ ನಡೆಸಿ 76 ಸ್ಥಳಗಳಲ್ಲಿ ಶೋಧಿಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಸಂಸ್ಥೆಗಳು ಕೊಟ್ಟ ದೂರುಗಳೂ ಅದರಲ್ಲಿ ಸೇರಿದ್ದವು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದೇ ಇಲ್ಲ. ಸಂಖ್ಯೆ ಕಂಡರೆ ಅದು ಮೋಸ ಎಂದು ತಿಳಿಯಿರಿ. ಹಾಗೆಯೇ ಪೊಲೀಸರ ಹೆಸರಿನಲ್ಲಿ ಪರದೆಯ ಮೇಲೆ ದಂಡ ಕೇಳುವ ಪುಟವೂ ಮೋಸವೇ. 'ಡಿಜಿಟಲ್ ಅರೆಸ್ಟ್' ಎಂಬ ವ್ಯವಸ್ಥೆ ಕಾನೂನಿನಲ್ಲಿಲ್ಲ ಎಂದು ಪ್ರಧಾನಿಯವರು 2024ರ ಅಕ್ಟೋಬರ್ 27ರ ಬಾನುಲಿ ಕಾರ್ಯಕ್ರಮದಲ್ಲಿಯೇ ಹೇಳಿದ್ದಾರೆ.

ಇನ್ನು ಹೊರಬರುವ ದಾರಿ. ಮೊದಲ ನಿಯಮ, ಪುಟದೊಳಗಿನ ಯಾವ ಗುಂಡಿಯನ್ನೂ ಒತ್ತಬಾರದು. 'ಓಕೆ' ಬೇಡ, 'ಕ್ಯಾನ್ಸಲ್' ಬೇಡ, 'ಸ್ಕ್ಯಾನ್' ಬೇಡ. ಸದ್ದು ಕಡಿಮೆ ಮಾಡಿ. ಸೈರನ್ ನಿಂತರೆ ಅರ್ಧ ಭಯ ಹೋಗುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಹೋಮ್ ಗುಂಡಿ ಒತ್ತಿ. ಗುಂಡಿಯಿಲ್ಲದ ಫೋನಾದರೆ ಕೆಳಗಿನಿಂದ ಮೇಲಕ್ಕೆ ಬೆರಳೆಳೆಯಿರಿ. ಇದು ಫೋನಿನ ಅಧಿಕಾರ, ಪುಟ ತಡೆಯಲಾರದು. ಆಮೇಲೆ ಇತ್ತೀಚೆಗೆ ತೆರೆದ ಆ್ಯಪ್‌ಗಳ ಸಾಲಿನಿಂದ ಬ್ರೌಸರನ್ನು ತಳ್ಳಿಹಾಕಿ. ಅಷ್ಟಕ್ಕೆ ಹೋಗದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಅಲ್ಲಿ ಬ್ರೌಸರಿನ ಹೆಸರು, ಅದರೊಳಗೆ 'ಫೋರ್ಸ್ ಸ್ಟಾಪ್'. ಮತ್ತೆ ಬ್ರೌಸರು ತೆರೆದಾಗ ಹಳೆಯ ಪುಟವೇ ಎದುರಾಗಬಹುದು. ಅದಕ್ಕೆ ಮುಂಚಿತವಾಗಿ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಸಂಪರ್ಕವಿಲ್ಲದೆ ಪುಟ ಸಾಮಾನ್ಯವಾಗಿ ಮೂಡುವುದಿಲ್ಲ. ಆಗ ಅಂಕೆಯಿರುವ ಚೌಕದ ಗುರುತನ್ನು ಒತ್ತಿ, ಆ ಪುಟವನ್ನು ಮುಚ್ಚಿ, ಮತ್ತೆ ಸಂಪರ್ಕ ಕೊಡಿ. ಐಫೋನಿನವರು ಸಫಾರಿಯನ್ನು ಮೇಲಕ್ಕೆ ತಳ್ಳಿ ಮುಚ್ಚಬಹುದು, ಇಲ್ಲವೆ ಮೊದಲೇ ಹೇಳಿದಂತೆ ಇತಿಹಾಸ ಅಳಿಸಬಹುದು.

ಕಂಪ್ಯೂಟರಿನಲ್ಲಾದರೆ ಎಸ್ಕೇಪ್ ಕೀಲಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಪೂರ್ಣ ಪರದೆ ಕಳಚುತ್ತದೆ. ಬಳಿಕ ಆಲ್ಟ್ ಮತ್ತು ಎಫ್-4 ಒಟ್ಟಿಗೆ ಒತ್ತಿದರೆ ಕಿಟಕಿ ಮುಚ್ಚುತ್ತದೆ. ಅದೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಇದು ನೇರವಾಗಿ ವಿಂಡೋಸ್‌ಗೆ ತಲುಪುವ ಕರೆ, ಯಾವ ಪುಟವೂ ನಡುವೆ ಬರಲಾಗದು. ಅಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಆರಿಸಿ 'ಎಂಡ್ ಟಾಸ್ಕ್' ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಲೆ ಎಂದು ಬ್ರೌಸರು ಕೇಳಿದರೆ ಬೇಡವೆನ್ನಿ.

ಹೊರಬಂದ ಮೇಲೂ ದಿನವಿಡೀ ಎಚ್ಚರಿಕೆಗಳು ಬರುತ್ತಿದ್ದರೆ, ಎಲ್ಲೋ ಒಂದು ಕಡೆ 'ಅಲೋ' ಒತ್ತಿ ಆ ತಾಣಕ್ಕೆ ಸೂಚನೆ ಕಳುಹಿಸುವ ಒಪ್ಪಿಗೆ ಕೊಟ್ಟಿರುತ್ತೀರಿ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಪಟ್ಟಿ ನೋಡಿ, ಗುರುತಿಲ್ಲದ ತಾಣಗಳನ್ನು ತೆಗೆದುಹಾಕಿ. ಆ್ಯಪ್ ಹಾಕಿಸಿಕೊಂಡಿದ್ದರೆ ಸಂಪರ್ಕ ಕಡಿದು ಅದನ್ನು ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಗುಪ್ತಪದ ಬದಲಾಯಿಸಿ. ಹಣವೇ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಲು ಯತ್ನಿಸುವ ವ್ಯವಸ್ಥೆ ಅದು. ಎಷ್ಟು ಬೇಗ ತಿಳಿಸಿದರೆ ಅಷ್ಟು ಭರವಸೆ.

ಗಡಿಯ ನಮಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಮನೆ ಒಂದು ರಾಜ್ಯದಲ್ಲಿ, ಸಂತೆ ಇನ್ನೊಂದರಲ್ಲಿ, ಬ್ಯಾಂಕು ಮತ್ತೊಂದರಲ್ಲಿ. ದೂರು ಎಲ್ಲಿ ಕೊಡುವುದು? 1930 ಎಲ್ಲ ರಾಜ್ಯಗಳಿಗೂ ಒಂದೇ ಸಂಖ್ಯೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಇದು ನಮ್ಮ ಸರಹದ್ದಲ್ಲ ಎಂಬ ಮಾತು ಕೇಳಿ ಹಿಂದಿರುಗಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬುದು ನಮಗೆ ತಲೆಮಾರುಗಳಿಂದ ರೂಢಿ. ಅರ್ಧ ಅರ್ಥವಾದ ಕಾಗದಕ್ಕೂ, ಸರ್ಕಾರದ್ದು ತಾನೆ ಎಂದು ಸಹಿ ಹಾಕಿ ಬಂದವರು ನಾವು. ಮೋಸದ ಪುಟ ಕುಳಿತುಕೊಳ್ಳುವುದು ಈ ಅಭ್ಯಾಸದ ಮೇಲೆಯೇ. ಅದಕ್ಕೊಂದು ಸುಲಭದ ಉಪಾಯವಿದೆ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬಹುದು. ಆಗ ಬ್ರೌಸರು ತಾನಾಗಿ ಕೇಳುವ ಪ್ರಶ್ನೆ ಕನ್ನಡದಲ್ಲಿ ಬರುತ್ತದೆ. ಅದೇ ಹೊತ್ತಿಗೆ ಬೇರೆ ಭಾಷೆಯಲ್ಲಿ ಅಬ್ಬರಿಸುವ ಎಚ್ಚರಿಕೆ ಬ್ರೌಸರಿನದಲ್ಲ, ಹೊರಗಿನವನದು ಎಂದು ಅಲ್ಲಿಯೇ ಗುರುತು ಸಿಗುತ್ತದೆ.

ಇಂದು ಸಂಜೆ ಮನೆಯ ಹಿರಿಯರ ಕೈಗೆ ಫೋನು ಕೊಟ್ಟು, ಹೋಮ್ ಗುಂಡಿ ಒತ್ತುವುದನ್ನೂ ಬ್ರೌಸರನ್ನು ತಳ್ಳಿಹಾಕುವುದನ್ನೂ ಎರಡು ಸಲ ಮಾಡಿಸಿ ನೋಡಿ. ಹಾಗೇನಾದರೂ ಆದರೆ ಬೈಯುವುದಿಲ್ಲ, ಮೊದಲು ನಮಗೆ ಹೇಳಿ ಎಂದು ಮಾತು ಕೊಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟುಕೊಂಡವರೇ ಆ ಸಂಖ್ಯೆಗೆ ಗುಟ್ಟಾಗಿ ಕರೆ ಮಾಡಿಬಿಡುವುದು.